ಪ್ರತಿರೂಪಕ ವ್ಯವಹಾರ: ಮುದ್ರೆಯನ್ನು ನಂಬುವ ಶ್ರಾವಕನ ಹೊಣೆ

ಶ್ರಾವಕನು ಪಾಲಿಸಬೇಕಾದ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಪರರು ಕೊಡದಿರುವುದನ್ನು ತೆಗೆದುಕೊಳ್ಳಬಾರದು ಎಂಬುದು ಅದರ ಸ್ಥೂಲಾರ್ಥ. ಇಷ್ಟನ್ನು ಕೇಳಿದಾಗ ನಮ್ಮಲ್ಲಿ ಬಹುಮಂದಿ, ತಾವು ಕನ್ನ ಹಾಕಿದವರಲ್ಲ, ಪರರ ಗಂಟನ್ನು ಮುಟ್ಟಿದವರಲ್ಲ, ಆದ್ದರಿಂದ ಈ ವ್ರತವು ತಮ್ಮಲ್ಲಿ ತಾನಾಗಿಯೇ ನೆಲೆಗೊಂಡಿದೆ ಎಂದು ಸಮಾಧಾನಪಡುವುದುಂಟು. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಕಳವಿಗೆ ಪ್ರೇರಣೆ ನೀಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕೊನೆಯದಾಗಿ ಪ್ರತಿರೂಪಕ ವ್ಯವಹಾರ. ಈ ಐದೂ ಕತ್ತಲಿನಲ್ಲಿ ನಡೆಯುವ ಕಳವಿಗಿಂತ ಹಗಲಿನಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಡೆಯುವ ಕೆಲಸಗಳಿಗೇ ಹೆಚ್ಚು ಸಂಬಂಧಿಸಿವೆ ಎಂಬುದನ್ನು ವ್ಯಾಪಾರಿಗಳಾದ ನಾವು ಗಮನಿಸಬೇಕು.

ಪ್ರತಿರೂಪಕ ವ್ಯವಹಾರವೆಂದರೆ ಅಸಲಿನಂತೆ ತೋರುವ ನಕಲನ್ನು ಅಸಲಿನ ಬೆಲೆಗೆ ದಾಟಿಸುವುದು. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಕೃತ್ರಿಮವಾದ ಚಿನ್ನ ಮೊದಲಾದವುಗಳಿಂದ ವಂಚನೆಪೂರ್ವಕವಾಗಿ ವ್ಯವಹರಿಸುವುದನ್ನೇ ಉದಾಹರಿಸುತ್ತಾರೆ. ಇಲ್ಲಿಯೇ ಒಂದು ಪ್ರಶ್ನೆ ಉದ್ಭವಿಸುತ್ತದೆ. ವಂಚಿಸುವ ಉದ್ದೇಶ ನನಗಿಲ್ಲ. ಬೇರೊಬ್ಬರು ಪರೀಕ್ಷಿಸಿ ಮುದ್ರೆಯೊತ್ತಿದ ವಸ್ತುವನ್ನು ಆ ಮುದ್ರೆಯ ಮೇಲಿನ ನಂಬಿಕೆಯಿಂದ ಮಾರಿದೆ. ಅದು ನಕಲಾಗಿದ್ದರೆ ದೋಷ ಯಾರದು? ಇಂದಿನ ವ್ಯಾಪಾರವೆಲ್ಲ ಮುದ್ರೆ, ಸಂಖ್ಯೆ, ಪ್ರಮಾಣಪತ್ರಗಳ ಮೇಲೆ ನಿಂತಿರುವುದರಿಂದ ಈ ಪ್ರಶ್ನೆಯು ಪ್ರತಿಯೊಂದು ಮನೆಯ, ಪ್ರತಿಯೊಂದು ಬಸದಿಯ ಬಾಗಿಲಿಗೂ ಬಂದಿದೆ.

ಮುದ್ರೆಯ ಮಾತು ನಮ್ಮ ನಾಡಿಗೆ ಹೊಸದಲ್ಲ. ಧರ್ಮವೊಳಲು ಎಂದು ಶಾಸನಗಳಲ್ಲಿ ಹೆಸರಾದ ನಮ್ಮ ಡಂಬಳವು ಚಾಲುಕ್ಯರ ಕಾಲದಲ್ಲಿ ವರ್ತಕರ ಊರಾಗಿತ್ತು. ಇಲ್ಲಿಯ ಹದಿನಾರು ಮಂದಿ ಸೆಟ್ಟರು ಬೌದ್ಧ ವಿಹಾರವೊಂದನ್ನು ಕಟ್ಟಿಸಿದ ಸಂಗತಿಯನ್ನು ೧೦೯೫ರ ಶಾಸನ ತಿಳಿಸುತ್ತದೆ. ಅನತಿ ದೂರದ ಲೊಕ್ಕಿಗುಂಡಿ, ಅಂದರೆ ದಾನಚಿಂತಾಮಣಿ ಅತ್ತಿಮಬ್ಬೆಯ ಬ್ರಹ್ಮಜಿನಾಲಯವಿರುವ ಇಂದಿನ ಲಕ್ಕುಂಡಿ, ಟಂಕಸಾಲೆಯ ಊರಾಗಿತ್ತು. ದಾನದ ಮೊತ್ತವನ್ನು ಬರೆಯಿಸುವಾಗ ಬರಿದೆ ಗದ್ಯಾಣ ಎನ್ನದೆ ಲೊಕ್ಕಿಯ ಗದ್ಯಾಣ ಎಂದು ಟಂಕಸಾಲೆಯನ್ನೂ ಹೆಸರಿಸುವ ರೂಢಿಯಿತ್ತು. ಒಂದು ಟಂಕಸಾಲೆಯ ನಾಣ್ಯಕ್ಕೂ ಮತ್ತೊಂದರ ನಾಣ್ಯಕ್ಕೂ ತೂಕ ಮತ್ತು ಬಣ್ಣಗಳಲ್ಲಿ ವ್ಯತ್ಯಾಸವಿರಬಹುದೆಂಬುದನ್ನು ಕೊಡುವವರೂ ಕೊಳ್ಳುವವರೂ ಬಲ್ಲವರಾಗಿದ್ದರು. ಅವರು ಮುದ್ರೆಯನ್ನು ಗೌರವಿಸಿದರು. ಹಾಗೆಂದು ಒರೆಗಲ್ಲನ್ನು ಬಿಸಾಡಲಿಲ್ಲ.

ಈಚೆಗೆ ಈ ಪ್ರಶ್ನೆಯು ಅಮೆರಿಕದ ಬೆಳ್ಳಿ ಡಾಲರಿನ ರೂಪದಲ್ಲಿ ನಮ್ಮ ಭಾಗಕ್ಕೆ ಬಂದಿದೆ. ಹೊರದೇಶಗಳಲ್ಲಿರುವ ನಮ್ಮ ಮಕ್ಕಳು ಊರಿಗೆ ಬರುವಾಗ ಇಂಥ ನಾಣ್ಯಗಳನ್ನು ಉಡುಗೊರೆಯಾಗಿ ತರುತ್ತಾರೆ. ೧೮೭೮ರಿಂದ ೧೯೦೪ರವರೆಗೂ ಪುನಃ ೧೯೨೧ರಲ್ಲಿಯೂ ಅಚ್ಚಾದ ಡಾಲರನ್ನು ಅದರ ಮುದ್ರೆ ಕೊರೆದ ಕಲಾಕಾರನ ಹೆಸರಿನಿಂದ ಮಾರ್ಗನ್ ಡಾಲರ್ ಎನ್ನುತ್ತಾರೆ. ಅದರ ತೂಕ ೨೬.೭೩ ಗ್ರಾಂ, ಅಗಲ ೩೮.೧ ಮಿಲಿಮೀಟರ್, ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಉಳಿದದ್ದು ತಾಮ್ರ.

ಈ ಡಾಲರಿಗೂ ನಮ್ಮ ಅಜ್ಜಂದಿರ ಪೆಟ್ಟಿಗೆಯಲ್ಲಿದ್ದ ರೂಪಾಯಿಗೂ ಹಳೆಯ ನಂಟಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಹಿಂದುಸ್ಥಾನದಲ್ಲಿ ಬೆಳ್ಳಿ ರೂಪಾಯಿಗಳಿಗೆ ತೀವ್ರ ಅಭಾವ ಉಂಟಾಯಿತು. ಸರಕಾರವು ೧೯೧೭ರಲ್ಲಿ ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ಆದರೆ ಜನರು ಕಾಗದವನ್ನು ನಂಬದೆ, ನೋಟನ್ನು ಹಿಂದಿರುಗಿಸಿ ಬೆಳ್ಳಿಯನ್ನೇ ಕೇಳತೊಡಗಿದರು. ಆಗ ಅಮೆರಿಕವು ೧೯೧೮ರ ಏಪ್ರಿಲ್‌ನಲ್ಲಿ ಪಿಟ್‌ಮನ್ ಕಾಯಿದೆಯನ್ನು ಮಾಡಿ, ತನ್ನ ಖಜಾನೆಯಲ್ಲಿದ್ದ ಸುಮಾರು ೨೭ ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅವುಗಳಲ್ಲಿ ೨೫ ಕೋಟಿ ೯೧ ಲಕ್ಷ ಡಾಲರುಗಳ ಬೆಳ್ಳಿಯನ್ನು ಹಿಂದುಸ್ಥಾನದ ರೂಪಾಯಿಗಾಗಿ ಬ್ರಿಟಿಷರಿಗೆ ಮಾರಲಾಯಿತು. ಒಂದು ಡಾಲರಿನಲ್ಲಿದ್ದ ಬೆಳ್ಳಿ ೨೪ ಗ್ರಾಮಿಗೆ ತುಸು ಹೆಚ್ಚು. ಒಂದು ತೊಲೆ ತೂಗುತ್ತಿದ್ದ, ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿಯ ರೂಪಾಯಿಯಲ್ಲಿ ೧೦.೭ ಗ್ರಾಂ. ಲೆಕ್ಕ ಹಾಕಿದರೆ ಒಂದು ಡಾಲರು ಎರಡೂಕಾಲು ರೂಪಾಯಿಗಳಾಯಿತು. ಐದನೆಯ ಜಾರ್ಜ್ ದೊರೆಯ ಮುಖವುಳ್ಳ ೧೯೧೮ ಮತ್ತು ೧೯೧೯ರ ರೂಪಾಯಿ ಯಾರ ಮನೆಯಲ್ಲಾದರೂ ಇದ್ದರೆ, ಅದರೊಳಗಿನ ಬೆಳ್ಳಿ ಒಂದು ಕಾಲಕ್ಕೆ ಡಾಲರಾಗಿದ್ದಿರಬಹುದು.

ಡಾಲರೆಂಬ ಪರ್ಯಾಯ ಅಳಿಯಿತು, ರೂಪಾಯಿಯೆಂಬ ಪರ್ಯಾಯ ಹುಟ್ಟಿತು, ಬೆಳ್ಳಿಯೆಂಬ ದ್ರವ್ಯ ಉಳಿಯಿತು. ಸಮಂತಭದ್ರ ಆಚಾರ್ಯರು ಆಪ್ತಮೀಮಾಂಸೆಯಲ್ಲಿ ಕೊಡುವ ದೃಷ್ಟಾಂತವನ್ನು ಬಲ್ಲವರಿಗೆ ಇದು ಹೊಸತಲ್ಲ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಾಗಿದ್ದವನು ಮರುಗುತ್ತಾನೆ, ಕಿರೀಟ ಬೇಕಾಗಿದ್ದವನು ಹಿಗ್ಗುತ್ತಾನೆ, ಚಿನ್ನವಷ್ಟೇ ಬೇಕಾಗಿದ್ದವನು ಎರಡೂ ಇಲ್ಲದೆ ನಿಲ್ಲುತ್ತಾನೆ. ಹಳೆಯ ನಾಣ್ಯಗಳನ್ನು ಕೂಡಿಡುವವನು ಕೊಡ ಬೇಕಾಗಿದ್ದವನ ಸಾಲಿಗೆ ಸೇರಿದವನು. ಅವನು ಬೆಲೆ ಕೊಡುವುದು ಬೆಳ್ಳಿಗಲ್ಲ. ನಾಣ್ಯದ ಇಸವಿಗೆ, ಟಂಕಸಾಲೆಯ ಗುರುತಿಗೆ, ಅದು ಸವೆಯದೆ ಉಳಿದ ಸ್ಥಿತಿಗೆ. ೧೮೯೩ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯಲ್ಲಿ ಒಂದು ಲಕ್ಷ ಡಾಲರುಗಳು ಮಾತ್ರ ಅಚ್ಚಾದವು. ಆ ಟಂಕಸಾಲೆಯ ಗುರುತು ‘ಎಸ್’ ಎಂಬ ಒಂದು ಸಣ್ಣ ಅಕ್ಷರ. ಅದೇ ವರ್ಷದ ಬೇರೆ ಟಂಕಸಾಲೆಯ ನಾಣ್ಯಕ್ಕೆ ಆ ಅಕ್ಷರವನ್ನು ಅಂಟಿಸಿ ಹಲವು ಪಟ್ಟು ಬೆಲೆಗೆ ಮಾರುವವರಿದ್ದಾರೆ. ಅಂಥ ನಾಣ್ಯವನ್ನು ಸರಾಫರ ಒರೆಗಲ್ಲಿಗೆ ಹಚ್ಚಿದರೆ ಬೆಳ್ಳಿ ಅಪ್ಪಟ, ತಕ್ಕಡಿಗೆ ಹಾಕಿದರೆ ತೂಕ ಸರಿ. ದ್ರವ್ಯದಲ್ಲಿ ಸುಳ್ಳಿಲ್ಲ, ಸುಳ್ಳಿರುವುದು ಪರ್ಯಾಯದಲ್ಲಿ. ಆದುದರಿಂದ ‘ಬೆಳ್ಳಿಯಂತೂ ಬೆಳ್ಳಿಯೇ, ಮೋಸವೇನಾಯಿತು’ ಎಂಬ ಮಾತು ಇಲ್ಲಿ ಸಲ್ಲದು. ಯಾವುದಕ್ಕೆ ಬೆಲೆ ಪಡೆದೆವೋ ಅದನ್ನು ಕೊಡದಿದ್ದರೆ, ಕೊಟ್ಟ ಉಳಿದುದೆಲ್ಲ ನಿಜವಾಗಿದ್ದರೂ ಅದು ಪ್ರತಿರೂಪಕವೇ.

ಇಂಥ ಸೂಕ್ಷ್ಮ ಮೋಸಗಳನ್ನು ಸಾಮಾನ್ಯರು ಗುರುತಿಸಲಾರರೆಂಬ ಕಾರಣದಿಂದಲೇ ಅಮೆರಿಕದಲ್ಲಿ ನಾಣ್ಯಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆಗಳು ಹುಟ್ಟಿಕೊಂಡವು. ಪಿ.ಸಿ.ಜಿ.ಎಸ್. ೧೯೮೬ರಲ್ಲಿ, ಎನ್.ಜಿ.ಸಿ. ೧೯೮೭ರಲ್ಲಿ ಆರಂಭವಾದವು. ಅಲ್ಲಿಯ ತಜ್ಞರು ನಾಣ್ಯವನ್ನು ನೋಡಿ, ಒಂದರಿಂದ ಎಪ್ಪತ್ತರವರೆಗಿನ ಮಾನದಲ್ಲಿ ದರ್ಜೆಯನ್ನು ನಿರ್ಣಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಕವಚದೊಳಗೆ ಭದ್ರಪಡಿಸುತ್ತಾರೆ. ಕವಚದೊಳಗಿನ ಚೀಟಿಯಲ್ಲಿ ಇಸವಿ, ಟಂಕಸಾಲೆ, ದರ್ಜೆ ಹಾಗೂ ಒಂದು ಸಂಖ್ಯೆ ಇರುತ್ತವೆ. ಸಂಸ್ಥೆಯ ದಾಖಲೆಯಲ್ಲಿ ಆ ಸಂಖ್ಯೆಯನ್ನು ಯಾರಾದರೂ ನೋಡಬಹುದು. ವ್ಯವಸ್ಥೆ ಒಳ್ಳೆಯದೇ. ಆದರೆ ನಾಣ್ಯವನ್ನು ನಕಲು ಮಾಡಬಲ್ಲವನು ಕವಚವನ್ನು ನಕಲು ಮಾಡಲಾರನೇ? ೨೦೦೮ರ ಹೊತ್ತಿಗೆ ಈ ಸಂಸ್ಥೆಗಳೇ ತಮ್ಮ ಕವಚದ ನಕಲುಗಳು ಪೇಟೆಗೆ ಬಂದಿವೆಯೆಂದು ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ನಕಲಿನ ಚೀಟಿಯ ಮೇಲೆ ನಿಜವಾದ ನಾಣ್ಯವೊಂದಕ್ಕೆ ಕೊಟ್ಟ ನಿಜವಾದ ಸಂಖ್ಯೆಯನ್ನೇ ಮುದ್ರಿಸಿರುವುದೂ ಉಂಟು. ಸಂಖ್ಯೆಯನ್ನು ದಾಖಲೆಯಲ್ಲಿ ನೋಡಿದರೆ ಎಲ್ಲವೂ ಸರಿಹೊಂದುತ್ತದೆ. ಸಂಖ್ಯೆ ಸತ್ಯ, ಚೀಟಿಯ ಅಕ್ಷರ ಸತ್ಯ, ನಾಣ್ಯ ಮಾತ್ರ ಅಸತ್ಯ.

ಇನ್ನು ನಮ್ಮ ಭಾಗದ ಒಂದು ಬಸದಿಯ ವಿಶ್ವಸ್ಥ ಮಂಡಳಿಯ ಮುಂದೆ ಬಂದ ವಿಷಯವನ್ನು ಹೇಳುತ್ತೇನೆ. ಒಂದು ಕುಟುಂಬದವರು, ಮಗನು ಅಮೆರಿಕದಿಂದ ತಂದುಕೊಟ್ಟಿದ್ದ ಕವಚಸಹಿತವಾದ ಮಾರ್ಗನ್ ಡಾಲರೊಂದನ್ನು ತಮ್ಮ ಹಿರಿಯರ ಸ್ಮರಣಾರ್ಥ ಬಸದಿಗೆ ಅರ್ಪಿಸಿದರು. ಅದನ್ನು ಮಾರಿ ಬಂದ ಹಣದಿಂದ ಸೋರುತ್ತಿದ್ದ ಮೇಲ್ಛಾವಣಿಯನ್ನು ದುರಸ್ತಿ ಮಾಡಿಸಬೇಕೆಂಬುದು ಅವರ ಇಚ್ಛೆ. ಚೀಟಿಯ ಪ್ರಕಾರ ಅದು ೧೮೮೯ರಲ್ಲಿ ಕಾರ್ಸನ್ ಸಿಟಿ ಟಂಕಸಾಲೆಯಲ್ಲಿ ಅಚ್ಚಾದದ್ದು. ಅಂದರೆ ವಿರಳವಾದದ್ದು, ಬೆಲೆಯುಳ್ಳದ್ದು. ಕೊಳ್ಳಲು ಬೆಂಗಳೂರಿನ ಸಂಗ್ರಾಹಕರೊಬ್ಬರು ಚೀಟಿಯ ಮೇಲಿನ ನಂಬಿಕೆಯಿಂದ ಸಿದ್ಧರಾಗಿದ್ದರು. ವ್ಯಾಪಾರಿಯೆಂಬ ಕಾರಣಕ್ಕೆ ನನ್ನ ಅಭಿಪ್ರಾಯವನ್ನೂ ಕೇಳಿದರು. ಸಂಖ್ಯೆಯನ್ನು ಸಂಸ್ಥೆಯ ದಾಖಲೆಯಲ್ಲಿ ನೋಡಲಾಗಿ ಇಸವಿ, ಟಂಕಸಾಲೆ, ದರ್ಜೆ ಮೂರೂ ತಾಳೆಯಾದವು. ಆದರೆ ಆ ಸಂಖ್ಯೆಯ ನಾಣ್ಯದ ಛಾಯಾಚಿತ್ರವೂ ದಾಖಲೆಯಲ್ಲಿತ್ತು. ಅದರಲ್ಲಿ ಸ್ತ್ರೀಮುಖದ ಕೆನ್ನೆಯ ಮೇಲೆ ಎರಡು ಗೀರುಗಳು ಸ್ಪಷ್ಟವಾಗಿದ್ದವು. ಕೈಯಲ್ಲಿದ್ದ ನಾಣ್ಯದ ಕೆನ್ನೆ ನುಣುಪಾಗಿತ್ತು. ಇದ್ದ ಗೀರು ಕವಚದೊಳಗೆ ಮಾಯವಾಗುವುದು ಸಾಧ್ಯವಿಲ್ಲ. ಅದು ಆ ನಾಣ್ಯವಲ್ಲ.

ಸಭೆಯಲ್ಲಿ ಎರಡು ಪಕ್ಷಗಳಾದವು. ಹಿರಿಯರೊಬ್ಬರು, “ನಾವೇನು ಟಂಕಸಾಲೆ ಇಟ್ಟೇವೇನ್ರೀ? ಬಂದಹಂಗ ಕೊಟ್ಟರಾತು” ಎಂದರು. ಅವರು ಕೆಟ್ಟವರಲ್ಲ, ಬಸದಿಗಾಗಿ ದುಡಿದವರು. ಅವರ ವಾದಕ್ಕೆ ಬಲವೂ ಇತ್ತು. ಪರೀಕ್ಷಿಸುವುದು ಸಂಸ್ಥೆಯ ಕೆಲಸ, ನಮ್ಮದಲ್ಲ. ಕೊಳ್ಳುವವರು ನಮಗಿಂತ ಬಲ್ಲವರು, ಅವರೇ ನೋಡಿಕೊಳ್ಳಲಿ. ದಾನವನ್ನು ಪರೀಕ್ಷಿಸುವುದು ದಾನಿಗೆ ಮಾಡುವ ಅವಮಾನ. ಬರುವ ಹಣವಾದರೂ ಯಾರ ಜೇಬಿಗೂ ಅಲ್ಲ, ಜಿನಾಲಯಕ್ಕೆ. ಈ ನಾಲ್ಕೂ ಮಾತುಗಳನ್ನು ನಮ್ಮಲ್ಲಿ ಅನೇಕರು ಬೇರೆಬೇರೆ ಸಂದರ್ಭಗಳಲ್ಲಿ ಆಡುತ್ತಾರಾದುದರಿಂದ ಅವುಗಳನ್ನು ವಿಚಾರಿಸುವುದು ಯುಕ್ತ.

ಮೊದಲನೆಯದು ಹೊಣೆಯ ಮಾತು. ಹಿಂಸೆ, ಅಸತ್ಯ, ಕಳವು ಎಂಬ ದೋಷಗಳನ್ನು ನಿರೂಪಿಸುವಾಗ ನಮ್ಮ ಆಚಾರ್ಯರು ಅವುಗಳ ಮೂಲದಲ್ಲಿ ಪ್ರಮಾದವನ್ನು ಇಟ್ಟಿದ್ದಾರೆ. ಈರ್ಯಾಸಮಿತಿಯಿಂದ ನೆಲವನ್ನು ನೋಡಿ ನಡೆಯುವ ಮುನಿಯ ಪಾದದಡಿಯಲ್ಲಿ ಹುಳುವೊಂದು ಆಕಸ್ಮಿಕವಾಗಿ ಸತ್ತರೆ ಅವರಿಗೆ ಹಿಂಸೆಯ ಬಂಧವಿಲ್ಲ. ನೋಡದೆ ನಡೆಯುವವನ ಕಾಲಿಗೆ ಯಾವ ಹುಳುವೂ ಸಿಗದಿದ್ದರೂ ಅವನು ಹಿಂಸಕನೇ. ಈ ಮಾತನ್ನು ವ್ಯಾಪಾರಕ್ಕೆ ಹಚ್ಚಿ ನೋಡಿದರೆ ಅರಿಯದಿರುವಿಕೆಯಲ್ಲಿಯೂ ಭೇದಗಳು ಕಾಣುತ್ತವೆ. ನಕಲೆಂದು ತಿಳಿದು ಮಾರುವುದು ಸ್ಪಷ್ಟವಾದ ವಂಚನೆ. ತನ್ನ ಶಕ್ತಿಯಲ್ಲಿದ್ದ ಪರೀಕ್ಷೆಯನ್ನೆಲ್ಲ ಮಾಡಿ, ಆದರೂ ತಿಳಿಯಲಾಗದೆ ಮಾರುವುದು ಎಚ್ಚರದಿಂದ ನಡೆಯುವ ಮುನಿಯ ದೃಷ್ಟಾಂತಕ್ಕೆ ಹತ್ತಿರವಾದದ್ದು. ತಿಳಿದ ದಿನ ಹಣವನ್ನು ಹಿಂದಿರುಗಿಸುವ ಕರ್ತವ್ಯ ಅಲ್ಲಿಯೂ ಉಳಿಯುತ್ತದೆ. ಇವೆರಡರ ನಡುವೆ ತಿಳಿಯುವುದು ಸುಲಭವಾಗಿದ್ದೂ ತಿಳಿಯದೆ ಉಳಿಯುವವನಿದ್ದಾನೆ. ನೋಡಿದರೆ ನಷ್ಟವಾದೀತೆಂಬ ಭಯದಿಂದ ಅವನು ಕಣ್ಣು ಬೇರೆಡೆಗೆ ತಿರುಗಿಸುತ್ತಾನೆ. ಅವನ ಅಜ್ಞಾನವು ಲೋಭವು ಹೊದ್ದ ಮುಸುಕು. ‘ನನಗೆ ಗೊತ್ತಿರಲಿಲ್ಲ’ ಎಂದು ಅವನು ಹೇಳಬಹುದು. ‘ಗೊತ್ತುಮಾಡಿಕೊಳ್ಳಲು ಸಾಧ್ಯವಿರಲಿಲ್ಲ’ ಎಂದು ಹೇಳಲಾರ.

ಎರಡನೆಯದು ಕೊಳ್ಳುವವನೇ ನೋಡಿಕೊಳ್ಳಲಿ ಎಂಬ ಮಾತು. ಆ ಸಂಗ್ರಾಹಕರು ಚೀಟಿಯನ್ನು ನಂಬಿದ್ದರು, ಅದರ ಜೊತೆಗೆ ಮಾರುತ್ತಿರುವುದು ಬಸದಿ ಎಂಬುದನ್ನೂ ನಂಬಿದ್ದರು. ದೇವಸ್ಥಾನದ ಕೈಯಿಂದ ಬಂದದ್ದೆಂಬ ಕಾರಣಕ್ಕೆ ಪರೀಕ್ಷೆಯನ್ನು ಸಡಿಲಿಸುವವರು ಲೋಕದಲ್ಲಿ ಬಹಳ. ಆ ನಂಬಿಕೆಯೂ ಒಂದು ಮುದ್ರೆಯೇ. ತಲೆಮಾರುಗಳಿಂದ ಗಳಿಸಿದ ಆ ಮುದ್ರೆಯನ್ನು ನಕಲಿ ನಾಣ್ಯದ ಮೇಲೆ ಒತ್ತಿದರೆ, ಕವಚದ ನಕಲನ್ನು ಮಾಡಿದವನ ಕೆಲಸವನ್ನು ನಾವು ಪೂರ್ತಿಮಾಡಿದಂತೆ.

ಮೂರನೆಯದು ದಾನಿಗೆ ಅವಮಾನವೆಂಬ ಮಾತು. ಶಂಕೆಯು ಸಮ್ಯಗ್ದರ್ಶನದ ಅತಿಚಾರಗಳಲ್ಲಿ ಮೊದಲನೆಯದಲ್ಲವೇ ಎಂದು ಸಭೆಯಲ್ಲೊಬ್ಬರು ಕೇಳಿದರು. ಹೌದು, ಆದರೆ ಶಂಕೆ ಬೇರೆ, ಪರೀಕ್ಷೆ ಬೇರೆ. ಶಂಕೆಯು ನಿರ್ಣಯಕ್ಕೆ ಬಾರದೆ ತೂಗಾಡುತ್ತದೆ. ಪರೀಕ್ಷೆಯು ನಿರ್ಣಯಕ್ಕೆ ಬಂದು ಶಾಂತವಾಗುತ್ತದೆ. ಆಪ್ತಮೀಮಾಂಸೆಯ ಆರಂಭದಲ್ಲಿ ಸಮಂತಭದ್ರರು ಸಾಕ್ಷಾತ್ ಜಿನೇಂದ್ರನನ್ನೇ ಪರೀಕ್ಷೆಗೆ ಒಳಪಡಿಸುತ್ತಾರೆ. ದೇವತೆಗಳ ಆಗಮನ, ಆಕಾಶಗಮನ, ಚಾಮರ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವುಗಳಿಂದ ಆಪ್ತನ ಹಿರಿಮೆ ಸಿದ್ಧವಾಗದು ಎಂಬುದು ಅವರ ಅಭಿಪ್ರಾಯ. ಹೊರಗಿನ ಚಿಹ್ನೆಯನ್ನು ಮಾಯಾವಿಯೂ ತೋರಬಲ್ಲನೆಂಬ ಕಾರಣಕ್ಕೆ ಭಗವಂತನನ್ನೇ ಪರೀಕ್ಷಿಸಿ ನಮಸ್ಕರಿಸಿದ ಪರಂಪರೆಯವರು ನಾವು. ಪ್ಲಾಸ್ಟಿಕ್ ಕವಚವನ್ನು ಪರೀಕ್ಷಿಸದೆ ನಮಸ್ಕರಿಸಬೇಕೇ?

ಲೋಕವ್ಯವಹಾರದಲ್ಲಿಯೂ ಈ ಪರಂಪರೆ ನಡೆದುಬಂದಿದೆ. ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಬೇರೆಬೇರೆ ಬಣ್ಣದ ಚಿನ್ನಗಳನ್ನು ಬೆರೆಸಿದಾಗ ಬರುವ ಬಣ್ಣವನ್ನು ಲೆಕ್ಕ ಹಾಕುವ ವಿಧಾನಗಳನ್ನು ಕೊಟ್ಟಿದ್ದಾರೆ. ದಿಲ್ಲಿಯ ಸುಲ್ತಾನರ ಟಂಕಸಾಲೆಯಲ್ಲಿ ಕೆಲಸಮಾಡಿದ ಠಕ್ಕುರ ಫೇರು ಎಂಬ ಶ್ರೀಮಾಲ ಕುಲದ ಜೈನ ಗೃಹಸ್ಥನು ೧೩೧೮ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥವನ್ನೇ ಬರೆದನು. ಲೋಹವನ್ನು ಶೋಧಿಸುವ ಕ್ರಮವನ್ನೂ ಅಂದು ಚಲಾವಣೆಯಲ್ಲಿದ್ದ ಇನ್ನೂರಕ್ಕೂ ಹೆಚ್ಚು ಬಗೆಯ ನಾಣ್ಯಗಳ ತೂಕ, ಬೆಳ್ಳಿ ಬಂಗಾರಗಳ ಪ್ರಮಾಣ, ಬೆಲೆಗಳನ್ನೂ ಅದರಲ್ಲಿ ನಿರೂಪಿಸಿದನು. ರಾಜಮುದ್ರೆಯ ಕೆಳಗೆ ಎಷ್ಟು ಬೆಳ್ಳಿಯಿದೆಯೆಂದು ನೋಡುವುದು ಅವನಿಗೆ ರಾಜದ್ರೋಹವಾಗಿ ಕಾಣಲಿಲ್ಲ, ಧರ್ಮದ್ರೋಹವಾಗಿಯೂ ಕಾಣಲಿಲ್ಲ.

ನಾಲ್ಕನೆಯ ಮಾತೇ ಎಲ್ಲಕ್ಕಿಂತ ಅಪಾಯಕರವಾದದ್ದು: ಹಣ ಜಿನಾಲಯಕ್ಕೆ ಹೋಗುತ್ತದೆ ಎಂಬುದು. ಜಿನಪ್ರತಿಮೆಗೂ ನಕಲಿ ನಾಣ್ಯಕ್ಕೂ ಇರುವ ಅಂತರವನ್ನು ಇಲ್ಲಿ ನೆನೆಯಬೇಕು. ನಾಮ, ಸ್ಥಾಪನೆ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಲ್ಲಿ ಪ್ರತಿಮೆಯು ಸ್ಥಾಪನೆಗೆ ಸೇರಿದ್ದು. ಶಿಲೆಯಲ್ಲಿ ಜಿನನನ್ನು ಸ್ಥಾಪಿಸಿದ್ದೇವೆಂದು ಶಿಲ್ಪಿಗೆ ಗೊತ್ತು, ಪ್ರತಿಷ್ಠಾಪಕನಿಗೆ ಗೊತ್ತು, ವಂದಿಸುವ ಮಗುವಿಗೂ ಗೊತ್ತು. ಅದು ತಾನು ಪ್ರತಿಮೆಯೆಂಬುದನ್ನು ಮರೆಮಾಡುವುದಿಲ್ಲ, ಆದುದರಿಂದಲೇ ಪೂಜ್ಯವಾಗಿದೆ. ನಕಲಿ ನಾಣ್ಯವೂ ಒಂದರ ಆಕಾರವನ್ನು ಮತ್ತೊಂದರಲ್ಲಿ ಇಟ್ಟದ್ದೇ. ಆದರೆ ತಾನು ನಕಲೆಂಬುದನ್ನು ಮುಚ್ಚಿಡುವುದೇ ಅದರ ಜೀವ. ಅಮೆರಿಕದಲ್ಲಿ ೧೯೭೩ರ ಕಾಯಿದೆಯೊಂದು ಹಳೆಯ ನಾಣ್ಯದ ಅನುಕೃತಿಗಳ ಮೇಲೆ ‘ಕಾಪಿ’ ಎಂಬ ಪದವನ್ನು ಅಚ್ಚೊತ್ತಲೇಬೇಕೆಂದು ವಿಧಿಸಿದೆ. ಆ ಒಂದು ಪದವಿದ್ದರೆ ಅದು ನಿರ್ದೋಷವಾದ ಅನುಕೃತಿ, ಇಲ್ಲದಿದ್ದರೆ ವಂಚನೆ. ತನ್ನನ್ನು ತಾನು ತೆರೆದು ತೋರುವ ಪ್ರತಿಮೆಯ ತಲೆಯ ಮೇಲಿನ ಸೂರನ್ನು, ತನ್ನನ್ನು ಮುಚ್ಚಿಡುವ ಪ್ರತಿರೂಪಕದ ಹಣದಿಂದ ದುರಸ್ತಿಮಾಡಿದರೆ ಆ ಸೂರಿನ ಕೆಳಗೆ ನಿಂತು ಯಾವ ಬಾಯಿಂದ ಅಚೌರ್ಯದ ಉಪದೇಶ ಮಾಡೋಣ?

ಮಂಡಳಿಯವರು ಕಡೆಗೆ ಮಾರಲಿಲ್ಲ. ದಾನಿಯ ಮನೆಗೆ ಇಬ್ಬರು ಹೋಗಿ, ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಛಾಯಾಚಿತ್ರವನ್ನು ಮುಂದಿಟ್ಟು ವಿಷಯ ತಿಳಿಸಿದರು. ದಾನಿಗೆ ನೋವಾಯಿತು, ಕೆಲವು ತಿಂಗಳು ಅವರು ಬಸದಿಯ ಕಡೆಗೆ ಬರಲಿಲ್ಲ. ಮೇಲ್ಛಾವಣಿಯ ಕೆಲಸ ಒಂದು ಮಳೆಗಾಲ ಮುಂದೆ ಹೋಯಿತು. ನಾಣ್ಯವನ್ನು ದಾನಿಯ ಒಪ್ಪಿಗೆ ಪಡೆದು ‘ನಕಲು, ಮಾರಾಟಕ್ಕಲ್ಲ’ ಎಂದು ಬರೆದ ಲಕೋಟೆಯಲ್ಲಿ ಇರಿಸಿದ್ದಾರೆ. ಸತ್ಯವು ಕೂಡಲೇ ಲಾಭ ತರುತ್ತದೆಂದು ಹೇಳುವ ಕಥೆಗಳನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಇಲ್ಲಿ ಹಾಗಾಗಲಿಲ್ಲ ಎಂಬುದನ್ನೂ ಹೇಳಬೇಕು. ವ್ರತಕ್ಕೆ ಬೆಲೆ ತೆರಬೇಕಾಗುತ್ತದೆ. ಬೆಲೆ ತೆರದೆ ಉಳಿಯುವುದಾದರೆ ಅದನ್ನು ವ್ರತವೆಂದು ಕರೆಯುವ ಅಗತ್ಯವೇ ಇರಲಿಲ್ಲ.

ಕುಟುಂಬಗಳಿಗೂ ವಿಶ್ವಸ್ಥ ಮಂಡಳಿಗಳಿಗೂ ಅನುಕೂಲವಾಗಲೆಂದು ಕೆಲವು ಸೂಚನೆಗಳನ್ನು ಬರೆಯುತ್ತೇನೆ. ಕವಚವುಳ್ಳ ನಾಣ್ಯ ಬಂದಾಗ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯಲ್ಲಿ ನೋಡುವುದು ಮೊದಲ ಹೆಜ್ಜೆ ಮಾತ್ರ. ಅಲ್ಲಿ ಛಾಯಾಚಿತ್ರವಿದ್ದರೆ ಗೀರು, ಕಲೆ, ಬಣ್ಣಗಳನ್ನು ಭೂತಗನ್ನಡಿ ಹಿಡಿದು ಒಂದೊಂದಾಗಿ ಹೋಲಿಸಬೇಕು. ಕವಚದ ಅಂಚಿನ ಬೆಸುಗೆ, ಚೀಟಿಯ ಅಕ್ಷರಗಳ ಅಚ್ಚು ಒರಟಾಗಿದ್ದರೆ ಎಚ್ಚರ ವಹಿಸಬೇಕು. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ. ಕವಚದ ಮೇಲಿನಿಂದಲೇ ಅಯಸ್ಕಾಂತವನ್ನು ಹಿಡಿದು ನೋಡಬಹುದು. ಕವಚವಿಲ್ಲದ ನಾಣ್ಯವಾದರೆ ತೂಕ ಮತ್ತು ಅಗಲಗಳನ್ನು ಅಳೆಯಬೇಕು. ಕ್ಷಕಿರಣದ ಯಂತ್ರವು ಮೇಲ್ಮೈಯನ್ನಷ್ಟೇ ಓದುವುದರಿಂದ ದಪ್ಪನಾದ ಬೆಳ್ಳಿಯ ಲೇಪವಿದ್ದರೆ ಅದೂ ಮೋಸಹೋಗಬಹುದು. ಪೇಟೆಯ ಬೆಲೆಗಿಂತ ತೀರ ಅಗ್ಗವಾಗಿ ಸಿಕ್ಕಿದ್ದೆಂದು ತಿಳಿದರೆ ಆ ಅಗ್ಗವೇ ಮೊದಲ ಸಾಕ್ಷಿ.

ನಮ್ಮ ಬಂಗಾರದ ಒಡವೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ೨೦೨೧ರ ಜೂನ್ ೧೬ರಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಯಿತು. ಆ ಜುಲೈಯಿಂದ ಪ್ರತಿ ಒಡವೆಗೂ ಆರು ಅಕ್ಷರಾಂಕಗಳ ಗುರುತು ಬಂತು. ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಗುರುತನ್ನು ನಮೂದಿಸಿದರೆ ಒಡವೆಯ ಬಗೆ, ಶುದ್ಧತೆಗಳು ಕಾಣುತ್ತವೆ. ಕಂಡದ್ದು ಬಳೆಯೆಂದಿದ್ದು ಕೈಯಲ್ಲಿರುವುದು ಉಂಗುರವಾಗಿದ್ದರೆ ಸಂಖ್ಯೆ ನಿಜವಾಗಿದ್ದೂ ವ್ಯವಹಾರ ಸುಳ್ಳು. ಬಸದಿಗಳಲ್ಲಿ ಸ್ಮರಣಾರ್ಥವಾಗಿ ಹಂಚುವ ಬೆಳ್ಳಿ ನಾಣ್ಯಗಳ ಮೇಲೂ ಶುದ್ಧತೆಯನ್ನು ಸ್ಪಷ್ಟವಾಗಿ ಕೆತ್ತಿಸುವುದು ಒಳ್ಳೆಯದು.

ಮಾರುವಾಗ ರಸೀದಿಯಲ್ಲಿ ನಮ್ಮ ತಿಳಿವಳಿಕೆಯ ಎಲ್ಲೆಯನ್ನೂ ಬರೆಯೋಣ. ಚೀಟಿಯು ಹೀಗೆ ಹೇಳುತ್ತದೆ, ನಾವು ಇಷ್ಟನ್ನು ಪರೀಕ್ಷಿಸಿದ್ದೇವೆ, ಇಷ್ಟನ್ನು ಪರೀಕ್ಷಿಸಿಲ್ಲ, ನಕಲೆಂದು ತೋರಿಬಂದರೆ ಹಣ ಹಿಂದಿರುಗಿಸುತ್ತೇವೆ.

ಸ್ಯಾದ್ವಾದವನ್ನು ನಾವು ಸಭೆಗಳಲ್ಲಿ ಬಹಳ ಹೊಗಳುತ್ತೇವೆ. ಯಾವ ದೃಷ್ಟಿಯಿಂದ, ಎಷ್ಟರ ಮಟ್ಟಿಗೆ ಒಂದು ಮಾತು ಸತ್ಯವೆಂಬುದನ್ನು ಮರೆಯದೆ ನುಡಿಯುವುದೇ ಅದರ ತಿರುಳಾದರೆ, ಅಂಥ ರಸೀದಿಯ ನಾಲ್ಕು ಸಾಲುಗಳಲ್ಲಿ ಅದು ಆಚರಣೆಗೆ ಬಂದಂತೆಯೇ. ಪರೀಕ್ಷಿಸುವ ಶ್ರಮವನ್ನು ಬೇರೆಯವರಿಗೆ ವಹಿಸಬಹುದು, ಅದಕ್ಕೆ ಹಣವನ್ನೂ ಕೊಡಬಹುದು. ಆದರೆ ತಾನು ಮಾರುವ ವಸ್ತುವಿನ ಬಗ್ಗೆ ತಾನೇ ಉತ್ತರ ಕೊಡುವ ಹೊಣೆಯನ್ನು ಯಾವ ಸಂಸ್ಥೆಯ ಕವಚದೊಳಗೂ ಇಟ್ಟು ಮೊಹರು ಮಾಡಲು ಬಾರದು.